ಕಿಸೆಗಡಿಯಾರವು ಕಿಸೆಯಲ್ಲಿಯೇ ಇರಲಿ

ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಮರದ ಪೆಟ್ಟಿಗೆಗಳನ್ನು ತೆರೆದು ನೋಡಿದರೆ, ಜಮೀನಿನ ಕಾಗದಪತ್ರಗಳ ನಡುವೆ ಒಂದು ಕಿಸೆಗಡಿಯಾರವು ಸಿಕ್ಕುವುದು ಅಪೂರ್ವವೇನೂ ಅಲ್ಲ. ಬೆಳ್ಳಿಯದೋ ನಿಕ್ಕಲಿನದೋ ಕವಚ, ಬಿಳಿಯ ಎನಾಮಲಿನ ಡಯಲು, ಅದರ ಮೇಲೆ ಕೂದಲೆಳೆಯಂಥ ಒಂದು ಬಿರುಕು. ಅಜ್ಜನ ಕಾಲದ್ದೆಂದು ಮನೆಯವರು ಹೇಳುವರು. ಅದು ನಿಂತುಹೋಗಿ ಎಷ್ಟು ವರ್ಷಗಳಾದುವೆಂಬುದನ್ನು ಮಾತ್ರ ಯಾರೂ ಹೇಳಲಾರರು. ಇಂಥ ಗಡಿಯಾರವು ಪೆಟ್ಟಿಗೆಯಿಂದ ಹೊರಗೆ ಬಂದಾಗ ಅದರ ಮುಂದಿನ ದಾರಿಗಳು ಕೆಲವೇ. ಅಕ್ಕಸಾಲಿಗನ ತಕ್ಕಡಿಗೆ ಹೋಗಬಹುದು, ಸಂಗ್ರಾಹಕನ ಗಾಜಿನ ಕಪಾಟನ್ನು ಸೇರಬಹುದು, ಇಲ್ಲವೆ ಮತ್ತೆ ಒಬ್ಬ ಮನುಷ್ಯನ ಕಿಸೆಯನ್ನು ಸೇರಿ ನಡೆಯತೊಡಗಬಹುದು. ಕೊನೆಯ ಈ ದಾರಿಯೇ ಉಚಿತವೆಂದು ವಾಚಕರ ಮುಂದೆ ವಾದಿಸಬೇಕೆಂಬುದು ನಮ್ಮ ಉದ್ದೇಶ.

ವಾಮದಪದವಿನಿಂದ ಬಂಟವಾಳಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತು ಕಿಸೆಯಿಂದ ಸರಪಣಿಯ ಗಡಿಯಾರವನ್ನು ತೆಗೆದು ನೋಡುವವನನ್ನು ಜನರು ಸ್ವಲ್ಪ ವಿಚಿತ್ರವಾಗಿ ನೋಡುವರೆಂಬುದನ್ನು ನಾವು ಬಲ್ಲೆವು. ಇನ್ನೊಂದು ಕಿಸೆಯಲ್ಲಿ ದೂರವಾಣಿಯಿರುವಾಗ ಇದೇಕೆ ಎಂದು ಕೇಳುವವರೂ ಉಂಟು. ಕೇಳತಕ್ಕ ಪ್ರಶ್ನೆಯೇ ಸರಿ. ದೂರವಾಣಿಯು ತೋರಿಸುವ ವೇಳೆಯ ಬೆನ್ನಿಗೆ ಪರಮಾಣು ಗಡಿಯಾರಗಳಿವೆ. ಸೀಸಿಯಂ ಪರಮಾಣುವಿಗೆ ಸಂಬಂಧಿಸಿದ ವಿಕಿರಣದ 9,192,631,770 ಆಂದೋಲನಗಳ ಅವಧಿಯೇ ಒಂದು ಸೆಕೆಂಡು ಎಂಬ ನಿರೂಪಣೆಯು 1967ರಿಂದ ಜಾರಿಯಲ್ಲಿದೆ. ಕೈಗಡಿಯಾರದ ಕ್ವಾರ್ಟ್ಸ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ನಮ್ಮ ಕಿಸೆಗಡಿಯಾರವಾದರೋ ಸೆಕೆಂಡಿಗೆ ಐದೇ ಸಲ ಟಿಕ್ಕೆನ್ನುವುದು. 2020ರ ಐಕಳ ಕಂಬಳದಲ್ಲಿ 142.5 ಮೀಟರಿನ ಕರೆಯನ್ನು ಕೋಣಗಳ ಜೋಡಿಯೊಂದು 13.62 ಸೆಕೆಂಡಿನಲ್ಲಿ ಓಡಿತೆಂಬ ವಾರ್ತೆಯು ದೇಶವೆಲ್ಲ ಹಬ್ಬಿತಷ್ಟೆ. ಅಲ್ಲಿನ ಕೊನೆಯ ಎರಡು ಅಂಕೆಗಳನ್ನು ಅಳೆಯುವ ಯೋಗ್ಯತೆ ಕಿಸೆಗಡಿಯಾರಕ್ಕೆ ಇಲ್ಲ. ಆದುದರಿಂದ ನಿಖರತೆಯ ಹೆಸರಿನಲ್ಲಿ ನಾವು ಅದರ ಪಕ್ಷವನ್ನು ವಹಿಸುವುದಿಲ್ಲ.

ಅದರ ಹಿರಿಮೆ ಬೇರೆಡೆಯಲ್ಲಿದೆ. ಅದನ್ನು ತಿಳಿಯಬೇಕಾದರೆ ಅದು ನಮ್ಮ ಊರುಗಳಿಗೆ ತಂದದ್ದೇನೆಂಬುದನ್ನು ಮೊದಲು ನೋಡಬೇಕು. ಕಿಸೆಗಡಿಯಾರವು ಬರುವುದಕ್ಕೆ ಮುಂಚೆ ಇಲ್ಲಿ ಕಾಲಗಣನೆ ಇರಲಿಲ್ಲವೆಂದಲ್ಲ. ಮುಹೂರ್ತವನ್ನು ಗೊತ್ತುಮಾಡಲು ತಳದಲ್ಲಿ ಸಣ್ಣ ರಂಧ್ರವುಳ್ಳ ಗಳಿಗೆಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಎಂದರೆ 24 ನಿಮಿಷ. ಮೂಡುಬಿದಿರೆಯ ಜೈನರು ಸೂರ್ಯಾಸ್ತಕ್ಕೆ ಮುಂಚೆ ಊಟವನ್ನು ಮುಗಿಸುವುದಕ್ಕೆ ಆಕಾಶವೇ ಸಾಕಾಗಿತ್ತು. ಇವೆಲ್ಲವೂ ಊರಿನ ಸ್ವಂತ ಕಾಲ. ನೆತ್ತಿಯ ಮೇಲೆ ಸೂರ್ಯನು ಬಂದಾಗ ಆ ಊರಿಗೆ ಮಧ್ಯಾಹ್ನ.

ಕಿಸೆಗಡಿಯಾರದೊಂದಿಗೆ ಬಂದುದು ಸರಕಾರದ ಕಾಲ. ದಕ್ಷಿಣ ಕನ್ನಡವು ಮದರಾಸು ಆಧಿಪತ್ಯಕ್ಕೆ ಸೇರಿದ್ದ ದಿನಗಳಲ್ಲಿ ರೈಲ್ವೆಗಳು ಅನುಸರಿಸುತ್ತಿದ್ದುದು ಮದರಾಸಿನ ಕಾಲವನ್ನು. ವಾಮದಪದವು ಸುಮಾರು 75.1 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಭೂಮಿಯು ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕಾದ್ದರಿಂದ ಮದರಾಸಿನ ಗಡಿಯಾರವು ನಮ್ಮ ಊರಿನ ಕಾಲಕ್ಕಿಂತ ಸುಮಾರು 21 ನಿಮಿಷ ಮುಂದಿತ್ತು. 1906ರಲ್ಲಿ 82.5 ಡಿಗ್ರಿ ರೇಖಾಂಶಕ್ಕೆ ಅನುಗುಣವಾದ ಭಾರತೀಯ ಪ್ರಮಾಣ ಕಾಲವು ಬಂದಾಗ ಇನ್ನೂ 9 ನಿಮಿಷ ಸೇರಿತು. ಅದರ ಮರುವರ್ಷ, 1907ರಲ್ಲಿ, ರೈಲುದಾರಿ ಮಂಗಳೂರನ್ನು ಮುಟ್ಟಿತು. ಇಂದಿಗೂ ನಮ್ಮಲ್ಲಿ ಸೂರ್ಯನು ನೆತ್ತಿಗೆ ಬರುವುದು ಸರಾಸರಿ ಹನ್ನೆರಡೂವರೆ ಗಂಟೆಗೆ. ಫೆಬ್ರವರಿಯ ಮಧ್ಯದಲ್ಲಿ 12 ಗಂಟೆ 44 ನಿಮಿಷದವರೆಗೆ ಹೋಗುವುದು, ನವಂಬರದ ಆರಂಭದಲ್ಲಿ 12 ಗಂಟೆ 13 ನಿಮಿಷದಷ್ಟು ಹಿಂದಕ್ಕೆ ಬರುವುದು. ಅಂಗಳದಲ್ಲಿ ಒಂದು ಕೋಲನ್ನು ನೆಟ್ಟು ನೆರಳನ್ನು ಗುರುತಿಸಿದರೆ ಯಾರೂ ಇದನ್ನು ಪರೀಕ್ಷಿಸಬಹುದು. ನೆರಳು ಹೇಳುವ ಕಾಲಕ್ಕೂ ಕಚೇರಿ ಹೇಳುವ ಕಾಲಕ್ಕೂ ನಡುವೆ ನಿಂತು ಎರಡನೆಯದನ್ನು ಹಳ್ಳಿಯ ಒಳಕ್ಕೆ ಹೊತ್ತು ತಂದ ಯಂತ್ರವೇ ವಕೀಲನ, ಉಪಾಧ್ಯಾಯನ, ರೈಲಿನ ಗಾರ್ಡಿನ ಕಿಸೆಯಲ್ಲಿದ್ದ ಈ ಗಡಿಯಾರ. ಅದು ತಪ್ಪಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ಒಹಾಯೋ ಪ್ರಾಂತದಲ್ಲಿ 1891ರ ಏಪ್ರಿಲ್ ತಿಂಗಳಲ್ಲಿ ನಡೆದ ರೈಲು ಅಪಘಾತವು ಸಾಕ್ಷಿ. ಚಾಲಕನೊಬ್ಬನ ಗಡಿಯಾರವು ನಾಲ್ಕು ನಿಮಿಷ ಹಿಂದೆ ಬಿದ್ದುದೇ ಎರಡು ಗಾಡಿಗಳ ಡಿಕ್ಕಿಗೆ ಕಾರಣವೆಂದು ಹೇಳಲಾಯಿತು. ಆ ಬಳಿಕವೇ ಅಲ್ಲಿನ ರೈಲ್ವೆ ನೌಕರರ ಗಡಿಯಾರಗಳು ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ತಪ್ಪಕೂಡದೆಂಬ ನಿಯಮವು ಬಲವಾಗಿ ಬೇರೂರಿತು.

ಇಲ್ಲಿನ ಹಳೆಯ ಗಡಿಯಾರಗಳ ಡಯಲಿನ ಮೇಲೆ ಹೆಚ್ಚಾಗಿ ಬೊಂಬಾಯಿ, ಕಲ್ಕತ್ತಗಳ ವೆಸ್ಟ್ ಎಂಡ್ ವಾಚ್ ಕಂಪೆನಿಯಂಥವರ ಹೆಸರುಗಳು ಕಾಣುವುವು. ಒಳಗಿನ ಯಂತ್ರವು ಸ್ವಿಟ್ಜರ್ಲೆಂಡಿನದು. ಆ ದೇಶದೊಂದಿಗೆ ಮಂಗಳೂರಿಗೆ ಇದ್ದ ನೇರವಾದ ನಂಟೆಂದರೆ 1834ರಲ್ಲಿ ಬಂದ ಬಾಸೆಲ್ ಮಿಷನ್. ಮಿಷನ್ನಿನವರು ಇಲ್ಲಿ ಕೈಹಾಕಿದ ಉದ್ಯೋಗಗಳಲ್ಲಿ ಗಡಿಯಾರದ ಕೆಲಸವೂ ಒಂದು. ಮುದ್ರಣಾಲಯವು ಉಳಿಯಿತು, ನೇಯ್ಗೆಯು ಉಳಿಯಿತು, 1865ರಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆಯಂತೂ ಕರಾವಳಿಯ ಮನೆಗಳ ಮಾಡುಗಳನ್ನೇ ಬದಲಿಸಿತು. ಗಡಿಯಾರದ ಕೆಲಸವು ಮಾತ್ರ ಬೇರೂರಲಿಲ್ಲ. ಬೇರೂರಿದ್ದರೆ ನಮ್ಮ ಜಿಲ್ಲೆಯ ಕಸುಬುಗಳ ಚರಿತ್ರೆಯು ಹೇಗಿರುತ್ತಿತ್ತೆಂದು ಯೋಚಿಸುವುದು ನಮಗೆ ಒಂದು ಹವ್ಯಾಸವೇ ಆಗಿದೆ.

ಈಗ ಯಂತ್ರದ ವಿಷಯಕ್ಕೆ ಬರೋಣ. ಕಿಸೆಗಡಿಯಾರದ ಹಿಂಬದಿಯ ಮುಚ್ಚಳವನ್ನು ತೆರೆದರೆ ಒಂದು ಚಕ್ರವು ಆಚೆಗೂ ಈಚೆಗೂ ತೂಗುತ್ತಿರುವುದು ಕಾಣುವುದು. ಇದೇ ತೂಗುಚಕ್ರ, ರಿಪೇರಿಯವರ ಮಾತಿನಲ್ಲಿ ಬ್ಯಾಲೆನ್ಸ್. ಅದರ ನಡುವೆ ಕೂದಲಿಗಿಂತ ಸಣ್ಣದಾದ ಉಕ್ಕಿನ ಸುರುಳಿಯೊಂದಿದೆ. ಅದೇ ಹೇರ್‌ಸ್ಪ್ರಿಂಗ್. ಗೋಡೆಗಡಿಯಾರದ ಲೋಲಕಕ್ಕೆ ಭೂಮಿಯ ಗುರುತ್ವವು ಮಾಡುವ ಕೆಲಸವನ್ನು ಇಲ್ಲಿ ಈ ಸುರುಳಿಯ ಸ್ಥಿತಿಸ್ಥಾಪಕತೆಯು ಮಾಡುವುದು. ಎಳೆತಕ್ಕೆ ತಕ್ಕಂತೆ ಬಲ ಎಂಬ ಹೂಕನ ನಿಯಮವು 1678ರಲ್ಲಿ ಪ್ರಕಟವಾಯಿತು. ಅದಕ್ಕೆ ಮೂರು ವರ್ಷ ಮೊದಲೇ, 1675ರಲ್ಲಿ, ಹೈಗೆನ್ಸನು ಸುರುಳಿಯುಳ್ಳ ಗಡಿಯಾರವನ್ನು ಜಗತ್ತಿಗೆ ತೋರಿಸಿದ್ದನು. ಆ ಉಪಾಯವು ತನ್ನದೇ ಎಂದು ಹೂಕನು ಬಹಳ ಜಗಳವಾಡಿದನು. ಯಾರು ಗೆದ್ದರೆ ನಮಗೇನು, ಲಾಭವು ಗಡಿಯಾರಕ್ಕಾಯಿತು. ಬಲವು ತಿರುಚಿಗೆ ಸಮಾನುಪಾತದಲ್ಲಿರುವುದರಿಂದ ಚಕ್ರವು ಹೆಚ್ಚು ತೂಗಿದರೂ ಕಡಮೆ ತೂಗಿದರೂ ಒಂದು ತೂಗಿಗೆ ಹಿಡಿಯುವ ಕಾಲ ಹೆಚ್ಚುಕಡಮೆ ಒಂದೇ. ಸರಳ ಆವರ್ತ ಚಲನೆಯೆಂದು ನಾವು ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದು ವಿದ್ಯಾರ್ಥಿಗಳಿಗೆ ನಿದ್ದೆ ಬರಿಸುವ ವಿಷಯವು ಇಲ್ಲಿ ಅಂಗೈಯ ಮೇಲೆ ಉಸಿರಾಡುತ್ತಿರುವುದು.

ದಿನಕ್ಕೆ 4,32,000 ಟಿಕ್ಕುಗಳು. ಹಳೆಯದಾದರೂ ಚೆನ್ನಾಗಿ ಶುಚಿಮಾಡಿದ ಗಡಿಯಾರವು ದಿನಕ್ಕೆ 30 ಸೆಕೆಂಡು ತಪ್ಪಿದರೆ ಅದು 2,880ರಲ್ಲಿ ಒಂದು ಭಾಗದ ದೋಷ. ಮೂರು ಮೀಟರಿನ ಗೋಡೆಯನ್ನು ಅಳೆದು ಒಂದು ಮಿಲಿಮೀಟರು ತಪ್ಪಿದಂತೆ. ನಮ್ಮ ಬಡಗಿಗಳಲ್ಲಿ ಎಷ್ಟು ಮಂದಿ ಇದಕ್ಕೆ ಒಪ್ಪುವರೋ ತಿಳಿಯದು!

ಅದು ತಪ್ಪುವ ಬಗೆಯೇ ನಮಗೆ ಹೆಚ್ಚು ಸ್ವಾರಸ್ಯವಾಗಿ ಕಾಣುವುದು. ಉಷ್ಣತೆಯು ಏರಿದಂತೆ ಉಕ್ಕಿನ ಸುರುಳಿಯು ಮೆತ್ತಗಾಗುವುದು, ಚಕ್ರವು ಹಿಗ್ಗುವುದು. ಸರಿಪಡಿಕೆಯಿಲ್ಲದ ಹಳೆಯ ಯಂತ್ರವು ಒಂದೊಂದು ಡಿಗ್ರಿ ಸೆಲ್ಸಿಯಸ್ಸಿಗೆ ದಿನಕ್ಕೆ ಸುಮಾರು 10 ಸೆಕೆಂಡು ಹಿಂದೆ ಬೀಳುವುದು. 22 ಡಿಗ್ರಿಯ ಕೋಣೆಯಲ್ಲಿ ಸರಿಹೊಂದಿಸಿದ ಗಡಿಯಾರವನ್ನು 34 ಡಿಗ್ರಿಯ ಸೆಕೆಯಲ್ಲಿಟ್ಟರೆ ದಿನವೊಂದಕ್ಕೆ ಎರಡು ನಿಮಿಷ ಹೋಯಿತು. ಈ ಕಷ್ಟವನ್ನು ಪರಿಹರಿಸಲು ಮೊದಲು ಎರಡು ಲೋಹಗಳನ್ನು ಬೆಸೆದು ಮಾಡಿದ ಸೀಳು ಚಕ್ರಗಳು ಬಂದುವು. ಅನಂತರ ಗಡಿಯಾರಗಾರರ ಊರಾದ ಫ್ಲೂರಿಯೆಯಲ್ಲಿ ಹುಟ್ಟಿದ ಷಾರ್ಲ್ ಗಿಯೋಮ್ ಎಂಬ ವಿಜ್ಞಾನಿಯು ಉಷ್ಣಕ್ಕೆ ಹಿಗ್ಗದ ಇನ್ವಾರ್ ಎಂಬ ನಿಕ್ಕಲು-ಉಕ್ಕನ್ನು 1896ರಲ್ಲಿ ಕಂಡುಹಿಡಿದನು. ಉಷ್ಣಕ್ಕೆ ತನ್ನ ಸ್ಥಿತಿಸ್ಥಾಪಕತೆಯನ್ನು ಬದಲಿಸದ ಎಲಿನ್ವಾರ್ ಎಂಬುದನ್ನೂ ಮುಂದೆ ಸಿದ್ಧಪಡಿಸಿದನು. 1920ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ಸಂದುದು ಈತನಿಗೇ. ಐನ್‌ಸ್ಟೈನರಿಗೆ ಸಂದ 1921ರ ಪಾರಿತೋಷಕಕ್ಕೆ ಒಂದು ವರ್ಷ ಹಿಂದಿನದು.

ಗಡಿಯಾರವನ್ನು ಧರಿಸಬೇಕೆಂಬ ನಮ್ಮ ವಾದಕ್ಕೆ ಇಲ್ಲಿಯೇ ಒಂದು ಆಧಾರವುಂಟು. ಮೈಗೆ ಒತ್ತಿದ ಕಿಸೆಯಲ್ಲಿ ಉಷ್ಣತೆಯು ಹಗಲೆಲ್ಲ ಹೆಚ್ಚು ಏರಿಳಿಯುವುದಿಲ್ಲ, ಗಡಿಯಾರವು ಕಿರೀಟ ಮೇಲಾಗಿ ನೆಟ್ಟಗೆ ನಿಲ್ಲುವುದು. ಅದನ್ನು ನಿರ್ಮಿಸಿದವನು ಎಣಿಸಿದ್ದುದು ಇದೇ ಸ್ಥಿತಿಯನ್ನು. ಕಪಾಟಿನಲ್ಲಿ ಅಂಗಾತ ಮಲಗಿಸಿದರೆ ಅದೇ ಯಂತ್ರವು ಬೇರೊಂದು ವೇಗದಲ್ಲಿ ನಡೆಯುವುದು. ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ ಕೀಲಿ ಕೊಟ್ಟು, ದೂರವಾಣಿಯ ವೇಳೆಯೊಡನೆ ಹೋಲಿಸಿ, ವ್ಯತ್ಯಾಸವನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಮೂರು ವಾರ ಕಿಸೆಯಲ್ಲಿ, ಮೂರು ವಾರ ಮೇಜಿನ ಮೇಲೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಹೀಗೆ ಮಾಡಿ ನಕ್ಷೆ ಬರೆದು ತಂದಾಗ, ಪ್ರಯೋಗಶಾಲೆಯಲ್ಲಿ ಒಂದು ವರ್ಷ ಹೇಳಿದರೂ ತಲೆಗೆ ಹೋಗದಿದ್ದ ‘ಕ್ರಮಬದ್ಧ ದೋಷ’ವೆಂಬ ಮಾತು ಅವರಿಗೆ ತಾನಾಗಿ ಅರ್ಥವಾಗಿತ್ತು. ದೂರವಾಣಿಯು ಇಂಥ ಪಾಠವನ್ನು ಕಲಿಸಲಾರದು. ಅದು ಸರಿಯಾದ ಉತ್ತರವನ್ನು ಹೇಳಿ ಸುಮ್ಮನಾಗುವುದು.

ಧರಿಸುವುದು ಹೇಗೆ? ಕೋಟಿನ ಒಳಕಿಸೆಯ ಕಾಲವು ಹೋಯಿತು, ನಮ್ಮ ಸೆಕೆಗೆ ಕೋಟು ಒಗ್ಗಿದ್ದೂ ಇಲ್ಲ. ಪಂಚೆ ಉಡುವವರಿಗೆ ಗಾಂಧೀಜಿಯವರ ಮಾರ್ಗವುಂಟು. ಅವರು ಅದನ್ನು ಸೊಂಟಕ್ಕೆ ತೂಗುಬಿಟ್ಟುಕೊಳ್ಳುತ್ತಿದ್ದರು. ಜೀನ್ಸ್ ತೊಡುವ ತರುಣರಿಗಂತೂ ಹುಡುಕುವ ಕೆಲಸವೇ ಇಲ್ಲ. ಬಲಗಡೆಯ ದೊಡ್ಡ ಕಿಸೆಯೊಳಗೆ ಏಕೆ ಇದೆಯೆಂದೇ ಅವರಿಗೆ ತಿಳಿಯದ ಸಣ್ಣ ಕಿಸೆಯು 19ನೆಯ ಶತಮಾನದಲ್ಲಿ ಹುಟ್ಟಿದುದೇ ಗಡಿಯಾರಕ್ಕಾಗಿ. ಒಂದೇ ಎಚ್ಚರಿಕೆ: ದೂರವಾಣಿಯನ್ನು ಅದೇ ಬದಿಯ ಕಿಸೆಯಲ್ಲಿ ಇಡಬಾರದು. ಅದರ ಧ್ವನಿವರ್ಧಕದಲ್ಲಿ ಅಯಸ್ಕಾಂತವಿದೆ. ಉಕ್ಕಿನ ಹೇರ್‌ಸ್ಪ್ರಿಂಗ್ ಅಯಸ್ಕಾಂತತ್ವವನ್ನು ಪಡೆದರೆ ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿ ಗಡಿಯಾರವು ಕುದುರೆಯಂತೆ ಓಡತೊಡಗುವುದು.

ಗಾಂಧೀಜಿಯವರ ಹೆಸರು ಬಂದುದರಿಂದ ಸಂಗ್ರಹದ ವಿಷಯವನ್ನೂ ಎತ್ತಬಹುದು. 2009ರ ಮಾರ್ಚ್ ತಿಂಗಳಲ್ಲಿ ಅವರ ಜೆನಿತ್ ಕಿಸೆಗಡಿಯಾರವು ಕನ್ನಡಕ, ಚಪ್ಪಲಿ, ಬಟ್ಟಲು, ತಟ್ಟೆಗಳೊಡನೆ ನ್ಯೂಯಾರ್ಕಿನಲ್ಲಿ 18 ಲಕ್ಷ ಡಾಲರಿಗೆ ಹರಾಜಾಯಿತು. ಕೊಂಡವರು ವಿಜಯ ಮಲ್ಯರು, ಅವರ ಮನೆತನದ ಮೂಲವು ನಮ್ಮ ಬಂಟವಾಳವೇ. ಗಾಂಧೀಜಿಯವರ ಬಳಿಯಲ್ಲಿದ್ದ ಇನ್ನೊಂದು ಗಡಿಯಾರವು ಇಂಗರ್‌ಸಾಲ್. 1896ರಲ್ಲಿ ಒಂದು ಡಾಲರಿಗೆ ಗಡಿಯಾರವನ್ನು ಮಾರಲು ತೊಡಗಿದ ಕಂಪೆನಿಯದು. ಒಂದು ಡಾಲರಿನದಾಗಲಿ, ಬೆಳ್ಳಿಯದಾಗಲಿ, ಅವರ ಸೊಂಟದಲ್ಲಿ ಎರಡೂ ಮಾಡಿದ ಕೆಲಸವು ಒಂದೇ. ಹರಾಜಿನ ಬೆಲೆಯನ್ನು ಕೇಳಿ ಗಡಿಯಾರವನ್ನು ಸಂಗ್ರಹಿಸಲು ಹೊರಡುವವರ ಬಗೆಗೆ ನಮಗೆ ಹೆಚ್ಚಿನ ಗೌರವವಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವೆವು.

ಸಂಗ್ರಹವೇ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವನ್ನೂ ಬಂಟವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹವನ್ನೂ ನೋಡಿದವರಿಗೆ ಹಳೆಯ ವಸ್ತುಗಳನ್ನು ಕೂಡಿಡುವುದರ ಬೆಲೆ ತಿಳಿದಿದೆ. ನೊಗವು, ಕಳಸೆಯು, ಹಿತ್ತಾಳೆಯ ಹಂಡೆಯು ಗೋಡೆಗೆ ಒರಗಿದ್ದರೂ ತನ್ನ ಕಥೆಯನ್ನು ಹೇಳಬಲ್ಲುದು. ಗಡಿಯಾರಕ್ಕೆ ಆ ಭಾಗ್ಯವಿಲ್ಲ. ಅದರ ರೂಪವು ಅದರ ಚಲನೆಯಲ್ಲಿದೆ. ನಿಂತ ಗಡಿಯಾರದ ಎಣ್ಣೆಯು ವರ್ಷಗಳಲ್ಲಿ ಗೋಂದಾಗುವುದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ನಮ್ಮ ಜಿಲ್ಲೆಯ ತೇವದಲ್ಲಿ ಉಕ್ಕಿನ ಅಚ್ಚುಗಳಿಗೆ ಸದ್ದಿಲ್ಲದೆ ತುಕ್ಕು ಹಿಡಿಯುವುದು. ಕಪಾಟಿನ ಬಾಗಿಲು ಗಾಜಿನದಾದ ಮಾತ್ರಕ್ಕೆ ತುಕ್ಕಿಗೆ ನಾಚಿಕೆಯಾಗದು.

ಇದಕ್ಕಿಂತ ಹೆಚ್ಚಾಗಿ ನಮ್ಮನ್ನು ನೋಯಿಸುವುದು ‘ಹೊಸದು ಮಾಡುವ’ ಚಾಳಿ. ಇಂದಿನ ಪೇಟೆಯಲ್ಲಿ ಹಳೆಯ ಡಯಲನ್ನು ಉಜ್ಜಿ ಅದರ ಮೇಲೆ ಪ್ರಸಿದ್ಧವಾದ ಹೆಸರನ್ನು ಬರೆದು ಮಾರುವುದು ದೊಡ್ಡ ವ್ಯಾಪಾರವೇ ಆಗಿದೆ. ದೊಡ್ಡ ಪೇಟೆಯೊಂದರ ವ್ಯಾಪಾರಿಯೊಬ್ಬನು ನಮ್ಮ ಪರಿಚಿತರಿಗೆ ಹಾಗೆ ಒಂದನ್ನು ಮಾರಿದ್ದನು. ಡಯಲಿನ ಮೇಲೆ ಒಂದು ಕಂಪೆನಿ, ಯಂತ್ರದ ಮೇಲೆ ಇನ್ನೊಂದು, ಕವಚವು ಮೂರನೆಯದರದು! ಹೊಳಪು ಕೊಡುವವರು ಅಳಿಸುವ ಇನ್ನೊಂದು ವಸ್ತುವುಂಟು. ಗಡಿಯಾರವನ್ನು ಬಿಚ್ಚಿ ಶುಚಿಮಾಡಿದ ಪ್ರತಿಯೊಬ್ಬ ಕೆಲಸಗಾರನೂ ಹಿಂದಿನ ಕಾಲದಲ್ಲಿ ಒಳಮುಚ್ಚಳದ ಮೇಲೆ ಸೂಜಿಯ ಮೊನೆಯಿಂದ ತನ್ನ ಗುರುತನ್ನೂ ದಿನಾಂಕವನ್ನೂ ಗೀಚುತ್ತಿದ್ದುದುಂಟು. ನಾವು ಧರಿಸುವ ಗಡಿಯಾರದಲ್ಲಿ ಅಂಥ ನಾಲ್ಕು ಗೀರುಬರಹಗಳಿವೆ. ಎರಡು ಇಂಗ್ಲಿಷಿನಲ್ಲಿ, ಒಂದು ಕನ್ನಡದ ‘ರಾ’ ಎಂಬ ಅಕ್ಷರ ಮತ್ತು 1951, ಕೊನೆಯದು ಬರಿಯ 1974. ಭೂತಗನ್ನಡಿಯಿಲ್ಲದೆ ಕಾಣದ ಈ ಗೀರುಗಳು ನಮ್ಮ ಪೇಟೆಗಳ ಕುಶಲ ಕೆಲಸಗಾರರ ಏಕೈಕ ದಾಖಲೆ. ಯಾವ ಗೆಜೆಟಿಯರಿನಲ್ಲಿಯೂ ಅವರ ಹೆಸರುಗಳಿಲ್ಲ.

ನಮ್ಮ ವಾದಕ್ಕೆ ಪ್ರಬಲವಾದ ಆಕ್ಷೇಪವೊಂದುಂಟು: ಬಳಸಿದರೆ ಸವೆಯುವುದು, ಬಿದ್ದರೆ ಮುರಿಯುವುದು, ನೂರು ವರ್ಷದ ವಸ್ತುವನ್ನು ಬಸ್ಸಿನ ನೂಕುನುಗ್ಗಲಿಗೆ ಒಡ್ಡುವುದು ಅವಿವೇಕವಲ್ಲವೆ? ಇದರಲ್ಲಿ ಸತ್ಯಾಂಶವಿದೆ. ಎಣ್ಣೆ ಆರಿದ ಯಂತ್ರವನ್ನು ಹಾಗೆಯೇ ಓಡಿಸಿದರೆ ಅಚ್ಚುಗಳ ಮೊನೆಯು ನಿಜವಾಗಿಯೂ ಸವೆಯುವುದು. ಆದುದರಿಂದ ಪೆಟ್ಟಿಗೆಯಿಂದ ತೆಗೆದ ಗಡಿಯಾರಕ್ಕೆ ಕೂಡಲೆ ಕೀಲಿ ಕೊಡದೆ ಮೊದಲು ಬಿಚ್ಚಿ ಶುಚಿಮಾಡಿಸಬೇಕು, ಮತ್ತು ನಾಲ್ಕೈದು ವರ್ಷಕ್ಕೊಮ್ಮೆ ಅದನ್ನು ಮಾಡಿಸುತ್ತಿರಬೇಕು. ಆಷಾಢ-ಶ್ರಾವಣದ ಮಳೆಯಲ್ಲಿ ಮನೆಯಲ್ಲಿಯೇ ಬಿಡುವುದು ಒಳ್ಳೆಯದು. ಚಿನ್ನದ ಕವಚ, ಗಂಟೆ ಬಾರಿಸುವ ಅಪೂರ್ವ ಯಂತ್ರ, ಇಂಥವನ್ನು ಧರಿಸಿರೆಂದು ನಾವು ಯಾರಿಗೂ ಹೇಳುವುದಿಲ್ಲ. ನಾವು ಹೇಳುವುದು ಸಾವಿರಾರು ಸಂಖ್ಯೆಯಲ್ಲಿ ತಯಾರಾದ ಸಾಧಾರಣ ನಿಕ್ಕಲು, ಬೆಳ್ಳಿಯ ಗಡಿಯಾರಗಳ ಮಾತು. ಯಾವ ವಸ್ತುಸಂಗ್ರಹಾಲಯಕ್ಕೂ ಅವು ಬೇಡ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಅವುಗಳ ಕವಚವು ಮೂಸೆಗೆ ಹೋಗಿ ಯಂತ್ರವು ಕಸದ ಬುಟ್ಟಿಗೆ ಬೀಳುವುದು.

ಧರಿಸಬಾರದ ಇನ್ನೊಂದು ಜಾತಿಯನ್ನು ಮಾತ್ರ ಸ್ಪಷ್ಟವಾಗಿ ಹೆಸರಿಸಬೇಕು. ಕತ್ತಲೆಯಲ್ಲಿ ಹೊಳೆಯಲೆಂದು ಅಂಕೆಗಳಿಗೂ ಮುಳ್ಳುಗಳಿಗೂ ರೇಡಿಯಂ ಬಣ್ಣವನ್ನು ಬಳಿದ ಗಡಿಯಾರಗಳು 20ನೆಯ ಶತಮಾನದ ಮೊದಲ ಭಾಗದಲ್ಲಿ ಬಹಳವಾಗಿದ್ದುವು. ಆ ಬಣ್ಣವನ್ನು ಬಳಿಯುವಾಗ ಕುಂಚದ ತುದಿಯನ್ನು ತುಟಿಯಿಂದ ಚೂಪುಮಾಡುತ್ತಿದ್ದ ಅಮೆರಿಕದ ಹೆಣ್ಣುಮಕ್ಕಳು ದವಡೆ ಕೊಳೆತು ಸತ್ತ ಕಥೆಯು ವಿಜ್ಞಾನದ ಚರಿತ್ರೆಯ ಅತ್ಯಂತ ದುಃಖಕರ ಪುಟಗಳಲ್ಲಿ ಒಂದು. ಈಗ ಅವು ಹೊಳೆಯುವುದಿಲ್ಲ. ಹೊಳೆಯುವ ಸತುವಿನ ಸಲ್ಫೈಡು ಕೆಟ್ಟಿದೆಯೇ ಹೊರತು ರೇಡಿಯಂ ಅಲ್ಲ. ಅದು ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಕಂದುಬಣ್ಣಕ್ಕೆ ತಿರುಗಿದ ಇಂಥ ಡಯಲಿನ ಬಳಿಗೆ ಗೈಗರ್ ಗಣಕವನ್ನು ಹಿಡಿದರೆ ಅದು ಇಂದಿಗೂ ಪಟಪಟನೆ ಸದ್ದುಮಾಡುವುದನ್ನು ನಾವು ಕೇಳಿದ್ದೇವೆ. ಗಾಜನ್ನು ತೆರೆದು ಕೆರೆಯಬಾರದು, ಪುಡಿಯನ್ನು ಉಸಿರಿಗೆ ಎಳೆದುಕೊಳ್ಳಬಾರದು, ಅಂಥ ಹತ್ತಾರನ್ನು ಮಲಗುವ ಕೋಣೆಯ ಮುಚ್ಚಿದ ಕಪಾಟಿನಲ್ಲಿ ಕೂಡಿಡಬಾರದು. ಅದರಿಂದ ಹೊರಡುವ ರೇಡಾನ್ ಅನಿಲವು ಅಲ್ಲಿ ಶೇಖರವಾಗುವುದು. ಗಡಿಯಾರವನ್ನು ಕೊಳ್ಳುವ ಉತ್ಸಾಹಿಗಳಲ್ಲಿ ಬಹುಮಂದಿಗೆ ಇದು ತಿಳಿದಿಲ್ಲ, ಮಾರುವವರು ಹೇಳುವುದೂ ಇಲ್ಲ.

ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಒಂದು ಮೇಜಿನ ಮುಂದೆ. ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ 1961ರಲ್ಲಿ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯು ಆರಂಭವಾಯಿತು. ಆ ಮುಂದೆ ಕನ್ನಡನಾಡಿನ ಪೇಟೆಪೇಟೆಗೂ ಕೀಲಿಗಡಿಯಾರವು ಬಂದಿತು, ಅದರ ಹಿಂದೆಯೇ ಕಣ್ಣಿಗೆ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡ ವಾಚು ರಿಪೇರಿಯವನೂ ಬಂದನು. 2016ರಲ್ಲಿ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರಕಾರವು ಒಪ್ಪಿಗೆ ಕೊಟ್ಟಿತು. ಇಂದು ನಮ್ಮ ಪೇಟೆಗಳಲ್ಲಿ ಬ್ಯಾಟರಿಯನ್ನು ಬದಲಿಸುವವರು ಸಿಕ್ಕುವರು. ಮುರಿದ ಬ್ಯಾಲೆನ್ಸಿನ ಅಚ್ಚನ್ನು ಪುಟ್ಟ ಲೇತಿನಲ್ಲಿ ಹೊಸದಾಗಿ ತಿರುಗಿಸಿ ಕೂಡಿಸಬಲ್ಲವರನ್ನು ಹುಡುಕಿಕೊಂಡು ಹೋಗಬೇಕು. ಇರುವವರಿಗೆ ವಯಸ್ಸಾಗಿದೆ, ಅವರ ಮಕ್ಕಳು ಈ ಕಸುಬಿಗೆ ಬಂದಿಲ್ಲ. ಬರಬೇಕೆಂದು ಹೇಳುವ ಅಧಿಕಾರವು ನಮಗಿಲ್ಲ, ಏಕೆಂದರೆ ಗಿರಾಕಿಯಿಲ್ಲದ ಅಂಗಡಿಯಲ್ಲಿ ಮಗನನ್ನು ಕೂರಿಸುವ ತಂದೆಯಿಲ್ಲ. ಸಂಗ್ರಾಹಕನು ಕಪಾಟಿನಲ್ಲಿಟ್ಟ ನೂರು ಗಡಿಯಾರಗಳಿಂದ ಈ ಮನುಷ್ಯನಿಗೆ ಒಂದು ರೂಪಾಯಿಯ ಕೆಲಸವೂ ಹುಟ್ಟದು. ನೂರು ಜನರ ಕಿಸೆಯಲ್ಲಿ ನಡೆಯುವ ನೂರು ಗಡಿಯಾರಗಳಿಗಾದರೆ ವರ್ಷವರ್ಷವೂ ಇಪ್ಪತ್ತಾದರೂ ಅವನ ಮೇಜಿಗೆ ಬರಲೇಬೇಕು.

ಈ ಲೆಕ್ಕವನ್ನು ಮುಂದಿಟ್ಟುಕೊಂಡು ನಮ್ಮ ಜಿಲ್ಲೆಯ ಕಾಲೇಜುಗಳಿಗೆ ಒಂದು ಸಲಹೆಯನ್ನು ಮಾಡಬಯಸುವೆವು. ಭೌತವಿಜ್ಞಾನದ ಪ್ರಯೋಗಶಾಲೆಯ ಕಿಟಕಿಯ ಬಳಿಯಲ್ಲಿ ಒಂದು ಮೇಜನ್ನು ಬಿಟ್ಟುಕೊಡಲಿ. ತಿಂಗಳಿಗೆ ಎರಡು ಶನಿವಾರ ಒಬ್ಬ ಹಿರಿಯ ರಿಪೇರಿಯವರನ್ನು ಸಂಭಾವನೆ ಕೊಟ್ಟು ಕರೆಯಿಸಲಿ, ಅತಿಥಿ ಉಪನ್ಯಾಸಕರಿಗೆ ಕೊಡುವುದಕ್ಕಿಂತ ಒಂದು ಕಾಸೂ ಕಡಮೆಯಾಗಬಾರದು. ವಿದ್ಯಾರ್ಥಿಗಳು ತಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಗಡಿಯಾರಗಳನ್ನು ತರಲಿ. ಅವರ ಕೈಯ ಕೆಲಸವನ್ನು ಆದಿಯಿಂದ ಅಂತ್ಯದವರೆಗೆ ಚಲನಚಿತ್ರವಾಗಿ ಹಿಡಿದಿಡಲಿ, ಅಚ್ಚನ್ನು ತಿರುಗಿಸುವ ಕ್ರಮವನ್ನೂ ಹೇರ್‌ಸ್ಪ್ರಿಂಗನ್ನು ಚಿಮುಟದಿಂದ ನೇರಮಾಡುವ ಕ್ರಮವನ್ನೂ ವಿಶೇಷವಾಗಿ. ಮುಚ್ಚಿದ ಅಂಗಡಿಗಳಲ್ಲಿ ಉಳಿದಿರುವ ಉಪಕರಣಗಳನ್ನು, ಬಿಡಿಭಾಗಗಳ ಡಬ್ಬಿಗಳನ್ನು ಗುಜರಿಗೆ ಹೋಗುವ ಮುಂಚೆ ಕೊಂಡಿಡಲಿ. ಕೆಲಸವು ಮುಗಿದ ಮೇಲೆ ಪ್ರತಿಯೊಂದು ಗಡಿಯಾರದ ಒಳಮುಚ್ಚಳದ ಮೇಲೆ ತಮ್ಮ ಹೆಸರಿನ ಅಕ್ಷರವನ್ನೂ ದಿನಾಂಕವನ್ನೂ, ಕನ್ನಡದಲ್ಲಿಯೇ, ಗೀಚಬೇಕೆಂದು ಅವರನ್ನು ಕೇಳಿಕೊಳ್ಳಲಿ.